ಪಟ್ಟಿಯ ಮೊದಲ ಹೆಸರು ಯಾರದು? ಟುನೀಶಿಯಾದ ಎಡಪಕ್ಷಗಳು ಕೂಡಿದ್ದು, ಒಡೆದದ್ದು

2022ರಲ್ಲಿ ಕೊಲಂಬೊ, 2024ರಲ್ಲಿ ಢಾಕಾ, 2025ರಲ್ಲಿ ಕಠ್ಮಂಡು. ನಾಲ್ಕು ವರ್ಷಗಳ ಅಂತರದಲ್ಲಿ ನಮ್ಮ ನೆರೆಯ ಮೂರು ಸರ್ಕಾರಗಳು ಬೀದಿಗಿಳಿದ ಜನರ ಮುಂದೆ ನಿಲ್ಲಲಾಗದೆ ಬಿದ್ದವು. ಮೂರೂ ಕಡೆ ಎಡಪಕ್ಷಗಳಿಗೆ ಎದುರಾದ ಪ್ರಶ್ನೆ ಒಂದೇ: ಬೀದಿಯಲ್ಲಿ ಒಟ್ಟಿಗೆ ನಿಂತವರು ಮತಪತ್ರದಲ್ಲೂ ಒಟ್ಟಿಗೆ ನಿಲ್ಲುವುದು ಹೇಗೆ? ಈ ಪ್ರಶ್ನೆಗೆ ಹುಟ್ಟಿನಿಂದ ಸಾವಿನವರೆಗಿನ ಪೂರ್ತಿ ದಾಖಲೆ ಸಿಗುವುದು ಟುನೀಶಿಯಾದಲ್ಲಿ. ಅಲ್ಲಿನ ಎಡಪಕ್ಷಗಳ ‘ಜನರಂಗ’ 2012ರ ಅಕ್ಟೋಬರ್‌ನಲ್ಲಿ ಹುಟ್ಟಿತು, 2014ರಲ್ಲಿ 15 ಸೀಟು ಗೆದ್ದಿತು, 2019ರ ಮೇ ತಿಂಗಳಲ್ಲಿ ಒಡೆಯಿತು, ಅದೇ ವರ್ಷದ ಚುನಾವಣೆಯಲ್ಲಿ ಒಂದು ಸೀಟಿಗೆ ಇಳಿಯಿತು.

ಇದನ್ನು ಸಿದ್ಧಾಂತದ ಜಗಳ ಎಂದು ಬರೆಯುವುದು ರೂಢಿ. ಆ ಮಾತು ಅರ್ಧ ಮಾತ್ರ ಸರಿ. ಮಾರ್ಕ್ಸ್‌ವಾದಿಗಳು, ನಾಸರ್‌ವಾದಿ ಅರಬ್ ರಾಷ್ಟ್ರೀಯವಾದಿಗಳು, ಬಾತ್ ಪಂಥದವರು, ಟ್ರಾಟ್‌ಸ್ಕಿವಾದಿಗಳು, ಪರಿಸರವಾದಿಗಳು ಆರೂವರೆ ವರ್ಷ ಒಂದೇ ಸೂರಿನಡಿ ಇದ್ದರು ಎಂದಮೇಲೆ ಸಿದ್ಧಾಂತದ ಭೇದ ಸಹಿಸಿಕೊಳ್ಳಬಹುದಾದಷ್ಟೇ ಇತ್ತು ಎಂದಾಯಿತು. ಸಹಿಸಿಕೊಳ್ಳಲಾಗದೆ ಹೋದದ್ದು ಬೇರೆ: ಅಭ್ಯರ್ಥಿ ಯಾರು, ಅದನ್ನು ತೀರ್ಮಾನಿಸುವವರು ಯಾರು, ಬೇರೆಯಾದರೆ ಹೆಸರು ಯಾರ ಪಾಲು. ಈ ಮೂರಕ್ಕೂ ಅವರ ಬಳಿ ಲಿಖಿತ ಉತ್ತರ ಇರಲಿಲ್ಲ.

ಮೊದಲು 2011ಕ್ಕೆ ಹೋಗೋಣ. ಜನವರಿ 14ರಂದು ಸರ್ವಾಧಿಕಾರಿ ಬೆನ್ ಅಲಿ ದೇಶ ಬಿಟ್ಟು ಓಡಿದ. ವಾರ ಕಳೆಯುವ ಮುಂಚೆಯೇ ಕಮ್ಯುನಿಸ್ಟ್ ಕಾರ್ಮಿಕರ ಪಕ್ಷ, ‘ವತದ್’ ಎಂದೇ ಕರೆಸಿಕೊಳ್ಳುವ ದೇಶಭಕ್ತ ಪ್ರಜಾತಂತ್ರವಾದಿಗಳು, ನಾಸರ್‌ವಾದಿ ಗುಂಪುಗಳು ಸೇರಿ ‘ಜನವರಿ 14 ರಂಗ’ ಕಟ್ಟಿದವು. ಹಳೆಯ ಕಮ್ಯುನಿಸ್ಟ್ ಪಕ್ಷದ ಉತ್ತರಾಧಿಕಾರಿಯಾದ ಎತ್ತಜ್ದೀದ್ ಮಾತ್ರ ಬೇರೆ ದಾರಿ ಹಿಡಿದು, ಬೆನ್ ಅಲಿಯ ಪ್ರಧಾನಿಯಾಗಿದ್ದ ಮೊಹಮ್ಮದ್ ಘನ್ನೂಶಿಯ ಮಧ್ಯಂತರ ಸರ್ಕಾರ ಸೇರಿತು. ಅದರ ನಾಯಕ ಅಹ್ಮದ್ ಇಬ್ರಾಹಿಂ ಉನ್ನತ ಶಿಕ್ಷಣ ಸಚಿವರಾದರು. ಒಂದು ಬಣ ಸರ್ಕಾರದ ಒಳಗೆ, ಇನ್ನೊಂದು ಅದೇ ಸರ್ಕಾರವನ್ನು ಕೆಳಗಿಳಿಸಲು ಧರಣಿ ಕೂತ ಜನರ ಜೊತೆ. ಕ್ರಾಂತಿಯಾದ ಮೊದಲ ಹದಿನೈದು ದಿನಗಳಲ್ಲಿ ಬಿದ್ದ ಈ ಬಿರುಕು ಆಮೇಲೆ ಮುಚ್ಚಲೇ ಇಲ್ಲ. ಚುನಾವಣೆ ಬರುವ ಹೊತ್ತಿಗೆ ಜನವರಿ 14 ರಂಗವೂ ಚದುರಿತ್ತು. ಕಾರ್ಮಿಕರ ಪಕ್ಷ, ವತದ್, ಎತ್ತಜ್ದೀದ್ ಮುಂದಾಳತ್ವದ ‘ಆಧುನಿಕ ಪ್ರಜಾತಂತ್ರ ಧ್ರುವ’, ನಾಸರ್‌ವಾದಿಗಳು, ಎಲ್ಲರದ್ದೂ ಬೇರೆಬೇರೆ ಪಟ್ಟಿ.

ಇಲ್ಲಿ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಮಗೆ ಮೈತ್ರಿ ಎಂದರೆ ಕ್ಷೇತ್ರ ಹಂಚಿಕೆ: ಇಲ್ಲಿ ನೀವು ನಿಲ್ಲಿ, ಅಲ್ಲಿ ನಾವು. ಟುನೀಶಿಯಾದ್ದು ಆಗ ಆ ಪದ್ಧತಿ ಅಲ್ಲ. ಒಟ್ಟು 217 ಸೀಟು. ದೇಶದೊಳಗೆ 27 ಕ್ಷೇತ್ರ, ಹೊರದೇಶದಲ್ಲಿರುವ ಟುನೀಶಿಯನ್ನರಿಗೆ 6. ದೇಶದೊಳಗಿನ ಒಂದೊಂದು ಕ್ಷೇತ್ರದಿಂದ ಹತ್ತರವರೆಗೆ ಸದಸ್ಯರು. ಮತದಾರ ಮತ ಹಾಕುವುದು ಪಟ್ಟಿಗೆ, ವ್ಯಕ್ತಿಗಲ್ಲ. ಪಟ್ಟಿಯಲ್ಲಿನ ಹೆಸರುಗಳ ಕ್ರಮವನ್ನು ಅವನು ಬದಲಿಸುವಂತಿಲ್ಲ. ಸಿಂಧು ಮತಗಳನ್ನು ಸೀಟುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಕೋಟಾ. ಒಂದು ಪಟ್ಟಿಗೆ ಎಷ್ಟು ಪೂರ್ಣ ಕೋಟಾ ಸಿಕ್ಕಿತೋ ಅಷ್ಟು ಸೀಟು. ಉಳಿದ ಸೀಟುಗಳನ್ನು ಯಾರ ಬಳಿ ಹೆಚ್ಚು ಮತ ಮಿಕ್ಕಿದೆಯೋ ಅವರಿಗೆ ಸಾಲಾಗಿ ಕೊಡುತ್ತಾ ಹೋಗುವುದು.

ಒಂದು ಕಾಲ್ಪನಿಕ ಕ್ಷೇತ್ರ ತೆಗೆದುಕೊಳ್ಳಿ. 8 ಸೀಟು, 80,000 ಸಿಂಧು ಮತ; ಕೋಟಾ 10,000. ದೊಡ್ಡ ಪಕ್ಷಕ್ಕೆ 36,000 ಮತ. ನಾಲ್ಕು ಮಧ್ಯಮ ಪಕ್ಷಗಳಿಗೆ 9,000, 8,000, 6,500, 5,000. ಮೂರು ಎಡ ಪಟ್ಟಿಗಳಿಗೆ 4,000, 3,000, 2,500. ಮಿಕ್ಕ 6,000 ಪುಡಿಪುಡಿ ಪಟ್ಟಿಗಳಿಗೆ. ದೊಡ್ಡ ಪಕ್ಷಕ್ಕೆ ನೇರವಾಗಿ 3 ಸೀಟು ಬಂತು, ಕೈಯಲ್ಲಿ 6,000 ಮಿಕ್ಕಿತು. ಉಳಿದ 5 ಸೀಟುಗಳು 9,000, 8,000, 6,500, 6,000, 5,000 ಎಂಬ ಸಾಲಿನಲ್ಲಿ ಹೋಗುತ್ತವೆ. ಎಡ ಪಟ್ಟಿಗಳಿಗೆ ಸೊನ್ನೆ. 9,500 ಜನ ಎಡಕ್ಕೆ ಮತ ಹಾಕಿದರೂ ಸೊನ್ನೆ, ಆದರೆ 5,000 ಮತದ ಪಕ್ಷಕ್ಕೆ ಒಂದು ಸೀಟು. ಮೂವರೂ ಒಂದೇ ಪಟ್ಟಿ ಹಾಕಿದ್ದರೆ 9,500 ಮತಕ್ಕೆ ಸಾಲಿನಲ್ಲಿ ಮೊದಲ ಜಾಗ, ಒಂದು ಸೀಟು ಖಾತ್ರಿ.

ಆಗ ಸೀಟು ಕಳೆದುಕೊಳ್ಳುವವರು ಯಾರು ಎಂಬುದನ್ನೂ ಗಮನಿಸಿ. ದೊಡ್ಡ ಪಕ್ಷಕ್ಕೆ ಆಗಲೂ 4 ಸೀಟೇ. ಹೊರಬೀಳುವುದು 5,000 ಮತದ ಮಧ್ಯಮ ಪಕ್ಷ. ಅಂದರೆ ಈ ಪದ್ಧತಿಯಲ್ಲಿ ಎಡಮೈತ್ರಿಯ ನೇರ ಪೈಪೋಟಿ ಇಸ್ಲಾಮಿಕ್ ಪಕ್ಷವಾದ ಎನ್ನಹ್ದಾ ಜೊತೆ ಅಲ್ಲ, ಪಕ್ಕದ ಮನೆಯ ಜಾತ್ಯತೀತ ಮಧ್ಯಮಪಂಥದ ಜೊತೆ. ಭಾಷಣದಲ್ಲಿ ಎದುರಾಳಿ ಒಬ್ಬರು, ಎಣಿಕೆಯ ಮೇಜಿನಲ್ಲಿ ಇನ್ನೊಬ್ಬರು.

ಕೂಡಿದರೆ ಯಾವಾಗಲೂ ಲಾಭ ಎಂದೂ ಅಲ್ಲ. ಕೂಡಿದ ಪಟ್ಟಿಗೆ 11,000 ಮತ ಬಂದರೆ ಒಂದು ಸೀಟು, ಮಿಕ್ಕಿದ 1,000 ವ್ಯರ್ಥ. ಅದೇ ಮತ 5,500ರಂತೆ ಎರಡು ಪಟ್ಟಿಗಳಿಗೆ ಹಂಚಿಹೋಗಿದ್ದರೆ ಇಬ್ಬರಿಗೂ ಒಂದೊಂದು ಸೀಟು ಸಿಗುವ ಸಾಧ್ಯತೆ ಇತ್ತು. ಒಂದು ಸೀಟಿಗೆ ದೊಡ್ಡ ಪಕ್ಷ ತೆರುವುದು ಪೂರ್ತಿ ಕೋಟಾ. ಸಣ್ಣ ಪಕ್ಷಕ್ಕೆ ಅದರ ಅರ್ಧದಲ್ಲೇ ಕೆಲಸ ಆಗಬಹುದು. ಹೀಗಾಗಿ ಬಲವಿರುವ ಜಿಲ್ಲೆಗಳ ಘಟಕಗಳು ‘ನಾವೇ ಬೇರೆ ನಿಲ್ಲುತ್ತೇವೆ’ ಎಂದು ಹಟ ಹಿಡಿದರೆ ಅದನ್ನು ಬರೀ ಅಹಂಕಾರ ಎಂದು ತಳ್ಳಿಹಾಕುವಂತಿಲ್ಲ. 2008ರಲ್ಲಿ ಗಫ್ಸಾ ಗಣಿ ಪ್ರದೇಶದ ದಂಗೆಯ ಮುಂದಾಳಾಗಿದ್ದ ಅದ್ನಾನ್ ಹಾಜಿ 2014ರಲ್ಲಿ ಅಲ್ಲಿಂದಲೇ ಗೆದ್ದರು, ಜನರಂಗದ ಹೊರಗಿನ ಪಟ್ಟಿಯಿಂದ.

2011ರ ಅಕ್ಟೋಬರ್ 23ರ ಸಂವಿಧಾನ ರಚನಾ ಸಭೆಯ ಚುನಾವಣೆಯಲ್ಲಿ ದೇಶದಾದ್ಯಂತ 1,500ಕ್ಕೂ ಹೆಚ್ಚು ಪಟ್ಟಿಗಳಿದ್ದವು. ಎನ್ನಹ್ದಾಗೆ ಶೇ 37ರಷ್ಟು ಮತ, 89 ಸೀಟು. ‘ಧ್ರುವ’ಕ್ಕೆ 5, ಕಾರ್ಮಿಕರ ಪಕ್ಷಕ್ಕೆ 3, ವತದ್‌ಗೆ 1. ಚಲಾವಣೆಯಾದ ಮತಗಳಲ್ಲಿ ಸುಮಾರು ಮೂರನೇ ಒಂದು ಪಾಲು ಒಂದೂ ಸೀಟು ಗೆಲ್ಲದ ಪಟ್ಟಿಗಳ ಪಾಲಾಗಿ ಹೋಯಿತು. ವಿಚಿತ್ರವೆಂದರೆ ಈ ಪದ್ಧತಿಯನ್ನು ಆರಿಸಿದ ಕ್ರಾಂತಿಯ ನಂತರದ ಉನ್ನತ ಸಮಿತಿಯ ಉದ್ದೇಶವೇ ಯಾವ ಒಂದು ಪಕ್ಷಕ್ಕೂ ಬಹುಮತ ಸಿಗಬಾರದು ಎಂಬುದು. ಆ ಮಟ್ಟಿಗೆ ಅದು ಗೆದ್ದಿತು. ಆದರೆ ಸಣ್ಣವರಿಗೆ ಅನುಕೂಲ ಮಾಡಿದ ಕಾನೂನು ಸಣ್ಣವರಾಗಿಯೇ ಉಳಿಯುವ ಆಸೆಯನ್ನೂ ಹುಟ್ಟಿಸಿತು.

ಇದೇ ಲೆಕ್ಕದಿಂದ ಹುಟ್ಟಿದ ಇನ್ನೊಂದು ತೊಡಕು ಪಟ್ಟಿಯ ಮೊದಲ ಹೆಸರಿನದು. ಮೈತ್ರಿಗೆ ಕ್ಷೇತ್ರಕ್ಕೆ ಒಂದೇ ಸೀಟು ಬರುವುದಾದರೆ ಎರಡನೆಯ ಹೆಸರಿನಿಂದ ಕೆಳಗಿರುವುದೆಲ್ಲ ಅಲಂಕಾರ. ಹತ್ತು ಹನ್ನೆರಡು ಪಕ್ಷಗಳು, 33 ಪಟ್ಟಿಗಳು, ಗೆಲ್ಲುವ ಆಸೆ ಇರುವ ಕ್ಷೇತ್ರ ಹದಿನೈದಿಪ್ಪತ್ತು. ಕಿತ್ತಾಟ ನಡೆಯುವುದು ಅಷ್ಟಕ್ಕೇ. ಇದಕ್ಕೆ ಬೆಲೆ ತೆತ್ತವರು ಮಹಿಳೆಯರು. ಕಾನೂನಿನ ಪ್ರಕಾರ ಪಟ್ಟಿಯಲ್ಲಿ ಗಂಡು ಹೆಣ್ಣು ಹೆಸರುಗಳು ಒಂದು ಬಿಟ್ಟು ಒಂದು ಬರಬೇಕು, ಮೊದಲ ಹೆಸರು ಯಾರದೆಂದು ಮಾತ್ರ ಹೇಳಿರಲಿಲ್ಲ. 2011ರಲ್ಲಿ ಗೆದ್ದ 49 ಮಹಿಳೆಯರಲ್ಲಿ 42 ಮಂದಿ ಎನ್ನಹ್ದಾದವರು. ಆ ಪಕ್ಷ ಒಂದು ಪಟ್ಟಿಯಿಂದ ಎರಡು ಮೂರು ಸೀಟು ಗೆಲ್ಲುತ್ತಿದ್ದರಿಂದ ಎರಡನೆಯ ಹೆಸರಿನ ಮಹಿಳೆಗೂ ಜಾಗ ಸಿಕ್ಕಿತು. ಸಮಾನತೆಯನ್ನು ಬಾಯಿಪಾಠ ಮಾಡಿದ್ದ ಜಾತ್ಯತೀತ ಪಕ್ಷಗಳಲ್ಲಿ ಮೊದಲ ಹೆಸರುಗಳನ್ನು ಮಹಿಳೆಯರ ಜೊತೆ ಹೆಚ್ಚುಕಡಿಮೆ ಸಮನಾಗಿ ಹಂಚಿಕೊಂಡದ್ದು ‘ಧ್ರುವ’ ಮಾತ್ರ: 33ರಲ್ಲಿ 16.

ಸೋತ ಮೇಲೆ ಬುದ್ಧಿ ಬಂತು. ಕಾರ್ಮಿಕರ ಪಕ್ಷ 2012ರ ಜುಲೈನಲ್ಲಿ ಹೆಸರಿನಿಂದ ‘ಕಮ್ಯುನಿಸ್ಟ್’ ತೆಗೆಯಿತು. ವತದ್‌ನ ತುಣುಕುಗಳು ಕೆಲವು ಸೇರಿ ಒಂದು ಪಕ್ಷವಾದವು. ಅಕ್ಟೋಬರ್ 7ರಂದು ಜನರಂಗ ಘೋಷಣೆಯಾಯಿತು. ವಕ್ತಾರ ಕಾರ್ಮಿಕರ ಪಕ್ಷದ ನಾಯಕ ಹಮ್ಮಾ ಹಮ್ಮಾಮಿ, ವತದ್‌ನ ಕಡೆಯಿಂದ ಶೊಕ್ರಿ ಬೆಲೈದ್. ನಾಲ್ಕೇ ತಿಂಗಳಲ್ಲಿ, 2013ರ ಫೆಬ್ರುವರಿ 6ರ ಬೆಳಿಗ್ಗೆ, ಬೆಲೈದ್‌ರನ್ನು ಮನೆ ಮುಂದೆ ಗುಂಡಿಕ್ಕಿ ಕೊಂದರು. ಶವಯಾತ್ರೆಯ ದಿನ ಯುಜಿಟಿಟಿ ಕಾರ್ಮಿಕ ಒಕ್ಕೂಟ ದೇಶವ್ಯಾಪಿ ಮುಷ್ಕರಕ್ಕೆ ಕರೆಕೊಟ್ಟಿತು, ಅದೇ ತಿಂಗಳು ಎನ್ನಹ್ದಾದ ಪ್ರಧಾನಿ ಜೆಬಾಲಿ ರಾಜೀನಾಮೆ ಕೊಟ್ಟರು. ಜುಲೈ 25ರಂದು ಜನರಂಗದ ಇನ್ನೊಬ್ಬ ನಾಯಕ, ನಾಸರ್‌ವಾದಿ ಮೊಹಮ್ಮದ್ ಬ್ರಾಹ್ಮಿಯ ಹತ್ಯೆ.

ಎರಡು ಹತ್ಯೆಗಳು ಜನರಂಗವನ್ನು ಮನೆಮಾತಾಗಿಸಿದವು. ಜೊತೆಗೇ ಅದನ್ನು ಇಕ್ಕಟ್ಟಿಗೂ ನೂಕಿದವು. ಎನ್ನಹ್ದಾ ಸರ್ಕಾರವನ್ನು ಇಳಿಸಲು ಬಲ ಬೇಕಿತ್ತು. ಬಲ ಇದ್ದದ್ದು ಬೇಜಿ ಕಾಯಿದ್ ಎಸ್ಸೆಬ್ಸಿ 2012ರಲ್ಲಿ ಕಟ್ಟಿದ ನಿದಾ ತೂನಿಸ್ ಬಳಿ. ಹಳೆಯ ಆಡಳಿತದ ಎಷ್ಟೋ ಮಂದಿ ಅಲ್ಲಿದ್ದರು. ಯುಜಿಟಿಟಿಯ ಮಾಜಿ ಪ್ರಧಾನ ಕಾರ್ಯದರ್ಶಿ ತಯ್ಯಿಬ್ ಬಕ್ಕೂಶ್ ಕೂಡ ಅಲ್ಲಿಯೇ, ಆ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿ. ಎಡಪಕ್ಷಗಳು ‘ನಮ್ಮದು’ ಎಂದು ನಂಬಿದ್ದ ಕಾರ್ಮಿಕ ಸಂಘಟನೆಯ ಮತ ನಮ್ಮದೇ ಆಗಬೇಕೆಂದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಬ್ರಾಹ್ಮಿಯ ಹತ್ಯೆಯ ಬೆನ್ನಿಗೇ ಜನರಂಗ ಮತ್ತು ನಿದಾ ಸೇರಿ ‘ರಾಷ್ಟ್ರ ರಕ್ಷಣಾ ರಂಗ’ ಮಾಡಿದವು. ಬಾರ್ದೊದಲ್ಲಿ ಸಂಸತ್ತಿನ ಮುಂದೆ ಧರಣಿ ನಡೆಯಿತು. ಯುಜಿಟಿಟಿ, ಉದ್ಯಮಿಗಳ ಸಂಘ, ಮಾನವಹಕ್ಕು ಲೀಗ್, ವಕೀಲರ ಪರಿಷತ್ತು ನಾಲ್ಕೂ ಮಧ್ಯಸ್ಥಿಕೆ ವಹಿಸಿ ಸರ್ಕಾರ ಬದಲಿಸಿದವು. ಇದೇ ನಾಲ್ವರಿಗೆ 2015ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಇಲ್ಲಿ ಜನರಂಗದ ತೀರ್ಮಾನ ನನ್ನ ಮಟ್ಟಿಗೆ ಸರಿಯಾದದ್ದೇ: ಬೀದಿಯಲ್ಲಿ ನಿದಾ ಜೊತೆ, ಮತಪತ್ರದಲ್ಲಿ ಬೇರೆ. ಪಕ್ಕದಲ್ಲೇ ಹೋಲಿಸಿ ನೋಡಬಹುದಾದ ಉದಾಹರಣೆ ಇದೆ. ಎತ್ತಜ್ದೀದ್‌ನಿಂದ ಹುಟ್ಟಿದ ಅಲ್ ಮಸಾರ್ ಪಕ್ಷ ನಿದಾ ಜೊತೆ ‘ಟುನೀಶಿಯಾಕ್ಕಾಗಿ ಒಕ್ಕೂಟ’ ಎಂಬ ಮೈತ್ರಿಗೆ ಸೇರಿತ್ತು. ಚುನಾವಣೆ ಹತ್ತಿರ ಬಂದಾಗ ನಿದಾ ತನ್ನದೇ ಪಟ್ಟಿ ಹಾಕುವುದಾಗಿ ಹೇಳಿತು. ಒಕ್ಕೂಟದ ಹೆಸರಿನಲ್ಲೇ ನಿಂತ ಅಲ್ ಮಸಾರ್‌ಗೆ 2014ರಲ್ಲಿ ಸಿಕ್ಕಿದ್ದು ಸೊನ್ನೆ. ದೊಡ್ಡವರ ಜೊತೆ ಸೇರಿದ ಸಣ್ಣ ಎಡಪಕ್ಷಕ್ಕೆ ಸೀಟಿನ ಬಗ್ಗೆ ಸಹಿ ಹಾಕಿದ ಕಾಗದ ಇಲ್ಲದಿದ್ದರೆ ಆಗುವ ಗತಿ ಇದು.

2014ರ ಅಕ್ಟೋಬರ್ 26ರಂದು ಜನರಂಗಕ್ಕೆ ಬಂದ ಮತ ಶೇ 3.6ರಷ್ಟು, ಸೀಟು 15. ಮತದ ಅನುಪಾತದಲ್ಲಾದರೆ ಏಳೆಂಟು ಬರಬೇಕಿತ್ತು. ಒಂದೇ ಪಟ್ಟಿಯಾಗಿ ನಿಂತು ಹೆಚ್ಚಿನ ಕಡೆ ಮಿಕ್ಕ ಮತಗಳ ಸಾಲಿನಲ್ಲಿ ಕೊನೆಯ ಸೀಟುಗಳನ್ನು ಹಿಡಿದದ್ದರ ಫಲ ಅದು. ಮೈತ್ರಿಯ ಗಣಿತ ಸಂಪೂರ್ಣ ಫಲಿಸಿದ ಚುನಾವಣೆ. ತಿಂಗಳೊಳಗೆ, ನವೆಂಬರ್ 23ರಂದು ನಡೆದ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ಹಮ್ಮಾಮಿಗೆ ಶೇ 7.8 ಮತ, ಮೂರನೇ ಸ್ಥಾನ.

ಈ ಎರಡು ಅಂಕಿಗಳ ನಡುವೆಯೇ ಮುಂದಿನ ಜಗಳದ ಬೀಜ ಬಿತ್ತು. ಅಭ್ಯರ್ಥಿಗೆ ಬಂದ ಮತ ರಂಗಕ್ಕೆ ಬಂದದ್ದರ ಎರಡು ಪಟ್ಟು. ಹಮ್ಮಾಮಿಯ ಕಡೆಯವರು ಅದರಲ್ಲಿ ಕಂಡದ್ದು ಅವರ ವೈಯಕ್ತಿಕ ವರ್ಚಸ್ಸು. ವತದ್‌ನವರಿಗೆ ಅದು ಬೆಲೈದ್, ಬ್ರಾಹ್ಮಿಯರ ರಕ್ತಕ್ಕೆ ಬಂದ ಮತ, ಎಲ್ಲರ ಆಸ್ತಿ. ಇಬ್ಬರ ಮಾತಿನಲ್ಲೂ ಹುರುಳಿತ್ತು. ಯಾವುದು ಸರಿಯೆಂದು ಮತಪತ್ರ ಹೇಳುವುದಿಲ್ಲ.

ಎರಡನೇ ಸುತ್ತಿನಲ್ಲಿ ಎಸ್ಸೆಬ್ಸಿ ಎದುರು ಆಗಿನ ಅಧ್ಯಕ್ಷ ಮರ್ಝೂಕಿ. ಹಳೆಯ ಆಡಳಿತದ ಮನುಷ್ಯನಿಗೆ ಮತ ಕೊಡಿ ಎನ್ನಲು ಬಾಯಿ ಬರುವುದಿಲ್ಲ. ಎನ್ನಹ್ದಾ ಬೆಂಬಲಿಗರ ಮತ ನೆಚ್ಚಿಕೊಂಡವನಿಗೆ ಕೊಡಿ ಎನ್ನಲೂ ಆಗುವುದಿಲ್ಲ. ಕೊನೆಗೆ ರಂಗ ಹೇಳಿದ್ದು ‘ಮರ್ಝೂಕಿಗೆ ಬೇಡ’ ಎಂದಷ್ಟೇ. ಅದಾದ ಮೇಲೆ ನಿದಾ ಮತ್ತು ಎನ್ನಹ್ದಾ ಒಂದೇ ಸರ್ಕಾರದಲ್ಲಿ ಕೂತವು. ಜನರಂಗ ಹೊರಗೆ ಉಳಿಯಿತು. ಐಎಂಎಫ್ 2016ರಲ್ಲಿ ಮಂಜೂರು ಮಾಡಿದ 2.9 ಶತಕೋಟಿ ಡಾಲರ್ ಸಾಲದ ಷರತ್ತುಗಳ ವಿರುದ್ಧ, 2018ರ ಜನವರಿಯ ಬೆಲೆಯೇರಿಕೆಯ ವಿರುದ್ಧ ಅದು ಗಟ್ಟಿಯಾಗಿ ಮಾತಾಡಿತು. ಆದರೆ ಐದು ವರ್ಷ ‘ಬೇಡ’ ಎನ್ನುವ ಪಕ್ಷವಾಗಿ ಜನ ಅದನ್ನು ಗುರುತಿಸಿದರು. ಯಾವ ಇಲಾಖೆಯನ್ನೂ ನಡೆಸಿದ ಅನುಭವ ಅದರ ಲೆಕ್ಕಕ್ಕೆ ಬರಲಿಲ್ಲ.

ಒಡಕು ಬಂದದ್ದು ಅಧ್ಯಕ್ಷ ಅಭ್ಯರ್ಥಿಯ ಆಯ್ಕೆಯಲ್ಲಿ. 2019ರ ಆರಂಭದಲ್ಲಿ ವತದ್ ಪಕ್ಷ ಮೊಂಜಿ ರಹೂಯಿಯ ಹೆಸರು ಮುಂದಿಟ್ಟು, ರಂಗದ ಕಾರ್ಯಕರ್ತರ ಅಭಿಪ್ರಾಯ ಕೇಳಿ ಎಂದಿತು. ಪಕ್ಷಗಳ ಪ್ರತಿನಿಧಿಗಳಿದ್ದ ಕೇಂದ್ರ ಮಂಡಳಿ ಹಮ್ಮಾಮಿಯನ್ನೇ ಎತ್ತಿಹಿಡಿಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಆ ಮಂಡಳಿಯಲ್ಲಿ ದೊಡ್ಡ ಪಕ್ಷಕ್ಕೂ ಬೆರಳೆಣಿಕೆಯ ಸದಸ್ಯರ ಗುಂಪಿಗೂ ಕುರ್ಚಿ ಇತ್ತು. ಮಂಡಳಿಯಲ್ಲಿ ಬಹುಮತ ಇದ್ದವರಿಗೆ ಸಂಸತ್ತಿನ ಗುಂಪಿನಲ್ಲಿ ಬಹುಮತ ಇರಲಿಲ್ಲ. ಮೇ ಕೊನೆಯ ವಾರ 15 ಸದಸ್ಯರಲ್ಲಿ 9 ಮಂದಿ ಸಂಸದೀಯ ಗುಂಪಿಗೆ ರಾಜೀನಾಮೆ ಕೊಟ್ಟರು. ಟುನೀಶಿಯಾದ ಸಂಸತ್ತಿನಲ್ಲಿ ಗುಂಪು ಎನಿಸಿಕೊಳ್ಳಲು ಆಗ ಕನಿಷ್ಠ 7 ಜನ ಬೇಕಿತ್ತು. ಉಳಿದದ್ದು 6. ಒಂದು ಸಂಖ್ಯೆ ಕಡಿಮೆಯಾದದ್ದಕ್ಕೆ ಸಂಸತ್ತಿನಲ್ಲಿ ಗುಂಪೇ ಇಲ್ಲವಾಯಿತು. ಅಲ್ಲಿಂದ ಮುಂದೆ ‘ಜನರಂಗ’ ಎಂಬ ಹೆಸರು ಯಾರಿಗೆ ಸೇರಿದ್ದು ಎಂಬ ಜಗಳ.

ಸೆಪ್ಟೆಂಬರ್‌ನ ಅಧ್ಯಕ್ಷೀಯ ಚುನಾವಣೆಯಲ್ಲಿ ಇಬ್ಬರೂ ನಿಂತರು. ರಹೂಯಿಗೆ ಶೇ 0.81, ಹಮ್ಮಾಮಿಗೆ ಶೇ 0.69. ಇಬ್ಬರದೂ ಕೂಡಿಸಿದರೂ ಒಂದೂವರೆ. ಮತ ಹಂಚಿಹೋಯಿತು ಎಂಬ ಸಮಾಧಾನಕ್ಕೂ ಅವಕಾಶವಿಲ್ಲ. ಮತದಾರ ಜಗಳದಲ್ಲಿ ಪಕ್ಷ ವಹಿಸಲಿಲ್ಲ, ಎದ್ದುಹೋದ. ಸಂಸತ್ತಿಗೆ ಗೆದ್ದದ್ದು ರಹೂಯಿ ಒಬ್ಬರೇ. ಅದೇ ಚುನಾವಣೆಯಲ್ಲಿ ಜನರಂಗದ ಹೊರಗಿದ್ದ ನಾಸರ್‌ವಾದಿ ‘ಜನತಾ ಚಳವಳಿ’ ಹದಿನೈದರ ಆಸುಪಾಸು ಸೀಟು ಗೆದ್ದಿತು. ಮತ ಎಲ್ಲಿಗೂ ಆವಿಯಾಗಿರಲಿಲ್ಲ.

ಶ್ರೀಲಂಕಾದ ‘ನ್ಯಾಷನಲ್ ಪೀಪಲ್ಸ್ ಪವರ್’ ಅಥವಾ ಎನ್‌ಪಿಪಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. 2019ರಲ್ಲಿ ಹುಟ್ಟಿದ ಆ ಮೈತ್ರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಂಘಟನೆಗಳಿದ್ದರೂ ನೆಲಮಟ್ಟದ ಯಂತ್ರ ಇರುವ ಪಕ್ಷ ಜೆವಿಪಿ (ಜನತಾ ವಿಮುಕ್ತಿ ಪೆರಮುನ) ಒಂದೇ. ಮಿಕ್ಕವು ಬಹುಪಾಲು ಕಾರ್ಮಿಕ, ಮಹಿಳಾ, ವೃತ್ತಿಪರರ ಸಂಘಗಳು. ಅಭ್ಯರ್ಥಿ ಯಾರೆಂಬ ಪ್ರಶ್ನೆಯೇ ಏಳಲಿಲ್ಲ. 2020ರಲ್ಲಿ 3 ಸೀಟು ಗೆದ್ದಾಗಲೂ ಅನುರ ಕುಮಾರ ದಿಸಾನಾಯಕೆ ನಾಯಕ, 2024ರಲ್ಲಿ 225ರಲ್ಲಿ 159 ಗೆದ್ದಾಗಲೂ ಅವರೇ. ಇದರಲ್ಲಿ ಸಮಾನತೆ ಕಡಿಮೆ, ನಿಜ. ಆದರೆ ಸಮಾನರಲ್ಲದವರನ್ನು ಸಮಾನರೆಂದು ನಟಿಸಬೇಕಾದ ಟುನೀಶಿಯಾದ ಕಷ್ಟವೂ ಇರಲಿಲ್ಲ. 2022ರ ಬೀದಿ ಹೋರಾಟ ‘ಅರಗಲಯ’ದಲ್ಲಿ ಮುಂಚೂಣಿಯಲ್ಲಿದ್ದ ಫ್ರಂಟ್‌ಲೈನ್ ಸೋಷಲಿಸ್ಟ್ ಪಕ್ಷದ ಮೈತ್ರಿಕೂಟ 2024ರ ಸಂಸತ್ ಚುನಾವಣೆಯಲ್ಲಿ ಒಂದು ಸೀಟನ್ನೂ ಪಡೆಯಲಿಲ್ಲ.

ನೇಪಾಳದ 2017ರ ಎಡಮೈತ್ರಿ ಇನ್ನೊಂದು ಬಗೆಯದು. 275ರಲ್ಲಿ 165 ಸೀಟುಗಳಿಗೆ ನಮ್ಮಂತೆಯೇ ಒಬ್ಬ ಸದಸ್ಯನ ಕ್ಷೇತ್ರ. ಅವನ್ನು ಓಲಿಯ ಯುಎಂಎಲ್ ಮತ್ತು ಪ್ರಚಂಡರ ಮಾವೋವಾದಿ ಕೇಂದ್ರ 60:40ರಂತೆ ಹಂಚಿಕೊಂಡವು. ಒಟ್ಟು 174 ಸೀಟು ಬಂತು. ನೇಪಾಳಿ ಕಾಂಗ್ರೆಸ್‌ಗೆ ಅನುಪಾತೀಯ ಮತ ಯುಎಂಎಲ್‌ನಷ್ಟೇ, ಶೇ 33ರ ಹತ್ತಿರ. ನೇರ ಸೀಟು ಮಾತ್ರ 23. ಸೀಟು ಹಂಚಿಕೆ ಬರೆದಿಟ್ಟದ್ದು ನಡೆಯಿತು. ಓಲಿ ಮತ್ತು ಪ್ರಚಂಡ ಪ್ರಧಾನಿ ಹುದ್ದೆಯನ್ನು ಎರಡೂವರೆ ವರ್ಷದಂತೆ ಹಂಚಿಕೊಳ್ಳುವ ಮಾತನ್ನು ಗುಟ್ಟಾಗಿ ಇಟ್ಟದ್ದು ನಡೆಯಲಿಲ್ಲ. 2018ರಲ್ಲಿ ಎರಡೂ ವಿಲೀನವಾಗಿ ಕಟ್ಟಿದ ಪಕ್ಷವನ್ನು 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅನೂರ್ಜಿತಗೊಳಿಸಿತು. ಕಾರಣ: ಆ ಹೆಸರು ಮೊದಲೇ ಬೇರೊಂದು ಪಕ್ಷದ ಹೆಸರಿನಲ್ಲಿ ನೋಂದಣಿಯಾಗಿತ್ತು. ಮತ್ತೆ ಹೆಸರೇ.

ಹಾಗಾಗಿ ಕಠ್ಮಂಡುವಿನಲ್ಲಾಗಲಿ ಢಾಕಾದಲ್ಲಾಗಲಿ ಎಡಪಕ್ಷಗಳ ಮೈತ್ರಿ ಘೋಷಣೆಯಾದಾಗ ಪ್ರಣಾಳಿಕೆಗಿಂತ ಮೊದಲು ಹುಡುಕಬೇಕಾದ ಸಂಗತಿಗಳು ಬೇರೆ. ನೋಂದಣಿ, ಚಿಹ್ನೆ ಯಾರ ಹೆಸರಿನಲ್ಲಿವೆ. ಒಡೆದರೆ ಯಾರ ಪಾಲು. ಅಭ್ಯರ್ಥಿಯ ಬಗ್ಗೆ ಒಮ್ಮತ ಬಾರದಿದ್ದರೆ ಮತ ಹಾಕುವವರು ಪಕ್ಷಗಳೋ ಸದಸ್ಯರೋ, ಸದಸ್ಯರಾದರೆ ಯಾವ ದಿನಾಂಕದ ಪಟ್ಟಿಯವರು. ತಾವು ಗೆಲ್ಲದ ಎರಡನೇ ಸುತ್ತಿನಲ್ಲಿ, ತ್ರಿಶಂಕು ಸಂಸತ್ತಿನಲ್ಲಿ ಯಾರ ಜೊತೆ ಹೋಗಬಹುದು, ಯಾರ ಜೊತೆ ಹೋಗಲೇಬಾರದು ಎಂಬುದನ್ನು ಮತದಾನಕ್ಕೆ ಮುಂಚೆ ಬರೆದಿದ್ದಾರೆಯೇ. ಇಂಥ ಕಾಗದ ತಯಾರಿಸುವುದು ಹೆಣಗಾಟದ ಕೆಲಸ, ಅದೂ ಹುತಾತ್ಮರ ಶವಯಾತ್ರೆಯ ಬಿಸಿಯಲ್ಲಿ. 2013ರ ಟುನಿಸ್‌ನಲ್ಲಿ ಹೆಸರು ಯಾರದೆಂದು ಕೇಳಲು ಯಾರಿಗೂ ನಾಲಿಗೆ ಏಳುತ್ತಿರಲಿಲ್ಲ.

ಟುನೀಶಿಯಾದಲ್ಲಿ ಈಗ ಆ ಲೆಕ್ಕವೇ ಬದಲಾಗಿದೆ. ಅಧ್ಯಕ್ಷ ಕೈಸ್ ಸಯೀದ್ 2021ರ ಜುಲೈ 25ರಂದು ಸಂಸತ್ತನ್ನು ಅಮಾನತಿನಲ್ಲಿಟ್ಟಾಗ ರಹೂಯಿ ಆ ಕ್ರಮವನ್ನು ಬೆಂಬಲಿಸಿದರು, ಹಮ್ಮಾಮಿ ಅದನ್ನು ಕ್ಷಿಪ್ರಕ್ರಾಂತಿ ಎಂದರು. 2022ರ ಹೊಸ ಕಾನೂನು ಪಟ್ಟಿಗಳನ್ನೇ ತೆಗೆದುಹಾಕಿ 161 ಒಬ್ಬ ಸದಸ್ಯನ ಕ್ಷೇತ್ರಗಳನ್ನು ಮಾಡಿತು: ಎರಡು ಸುತ್ತಿನ ಮತದಾನ, ನಿಲ್ಲಬೇಕಾದರೆ 400 ಮತದಾರರ ಸಹಿ. ಮಿಕ್ಕ ಮತಗಳ ಸಾಲು ಇಲ್ಲ, ಕೊನೆಯ ಸೀಟು ಇಲ್ಲ, ಶೇ 3.6 ಮತಕ್ಕೆ 15 ಸೀಟು ಬರುವ ದಾರಿ ಇಲ್ಲ. ಆ ಕಾನೂನಿನಡಿ ನಡೆದ ಚುನಾವಣೆಯ ಎರಡೂ ಸುತ್ತಿನಲ್ಲಿ ಮತದಾನ ಶೇ 11ರ ಆಸುಪಾಸು. ಹಮ್ಮಾಮಿಯ ಪಕ್ಷ ಅದನ್ನು ಬಹಿಷ್ಕರಿಸಿತ್ತು.